ನೀರಿಗೆ ಮುಂಚೆ ಬರುವ ಮಾತು

ನಿಮ್ಮೂರಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಬುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ನೀರು. ನಮ್ಮೂರಲ್ಲಿ ಎರಡರ ಮಧ್ಯೆ ಮಾತು ಬರುತ್ತದೆ. ಅಷ್ಟೇ ವ್ಯತ್ಯಾಸ. ಉಳಿದಂತೆ ನಮ್ಮದೂ ಎಲ್ಲ ಊರಿನಂಥ ಊರೇ. ಬಸ್ ಸ್ಟ್ಯಾಂಡಿದೆ, ಕಾಲೇಜಿದೆ, ಸೊಳ್ಳೆ ಇದೆ, ಮೂರು ದಿನಕ್ಕೊಮ್ಮೆ ನೀರು ಬಿಡುವ ನೀರುಗಂಟಿ ಸಿದ್ದಪ್ಪ ಇದ್ದಾನೆ.

ಯಾರ ಮಾತು ಅಂತ ಕೇಳಿ. ಫೋನಿನಲ್ಲಿ ಸ್ವಂತ ಹೆಸರು ಮರೆಮಾಚಿ ಬರೆದವರ ಮಾತು. ನಿಮ್ಮ ಹೆಸರು ಹಾಕಿಕೊಂಡು ಏನು ಬೇಕಾದರೂ ಬರೆಯಿರಿ, ನಲ್ಲಿಗೆ ಅದು ಬೇಡ. ಸುಳ್ಳು ಹೆಸರಿಟ್ಟುಕೊಂಡು ಬರೆದಿರೋ, ಮುಂದಿನ ಸಲ ನೀರು ಬಿಟ್ಟಾಗ ನಿಮ್ಮ ಬೀದಿಯ ನಲ್ಲಿಯಿಂದ ಅದು ನಿಮ್ಮದೇ ದನಿಯಲ್ಲಿ, ಬರೆದದ್ದು ಬರೆದಂತೆ, ಹೊರಗೆ ಬೀಳುತ್ತದೆ. ಹೆಸರನ್ನು ಹೇಳುವುದಿಲ್ಲ. ಆದರೆ ಒಂದೇ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ದನಿ ಸಾಲದೇ?

ಹಾಗಂತ ಜನ ಬರೆಯುವುದನ್ನು ಬಿಟ್ಟರಾ? ಬಿಡ್ತಾರಾ? ಹೆಸರಿಲ್ಲದೆಯೇ ಹೇಳಿಕೊಳ್ಳಬೇಕಾದ ಸಂಗತಿಗಳು ಎಲ್ಲರ ಹೊಟ್ಟೆಯಲ್ಲೂ ಇರುತ್ತವೆ. ಅದಕ್ಕೆ ನಮ್ಮ ಬೀದಿಯವರು ಕೊಡ ಬಡಿಯುವುದನ್ನು ಕಲಿತರು. ನಲ್ಲಿ ಬುಸ್ಸೆಂದ ಕೂಡಲೇ ನೀರಿಗೆ ಬಂದವರೆಲ್ಲ ಚಮಚ, ಸೌಟು, ಬಳೆ, ಕೈಗೆ ಸಿಕ್ಕಿದ್ದರಿಂದ ತಂತಮ್ಮ ಕೊಡವನ್ನು ಬಡಿಯುತ್ತಾರೆ. ಅದಕ್ಕೇ ನಮ್ಮಲ್ಲಿ ಪ್ಲಾಸ್ಟಿಕ್ ಕೊಡ ಯಾರೂ ಕೊಳ್ಳುವುದಿಲ್ಲ, ಅದು ಸದ್ದು ಮಾಡುವುದಿಲ್ಲ. ಇನ್ನು ನಾನು. ನಲ್ಲಿಯ ಪಕ್ಕದಲ್ಲೇ ನನ್ನ ಹಿಟ್ಟಿನ ಗಿರಣಿ. ನೀರು ಬರುವ ಹೊತ್ತಿಗೆ ಸರಿಯಾಗಿ ಗಿರಣಿ ಹಾಕುತ್ತೇನೆ, ಅರೆಯಲು ಕಾಳು ಇರಲಿ ಬಿಡಲಿ. ಅದು ಓಡುತ್ತಿದ್ದರೆ ನನಗೆ ನನ್ನ ಮಾತೇ ಕೇಳಿಸದು. ಈ ಉಪಕಾರಕ್ಕೆ ಬೀದಿಯವರು ನನ್ನನ್ನು ಮಾದೇವಕ್ಕ ಅಂತ ಬಾಯ್ತುಂಬ ಕರೆಯುತ್ತಾರೆ. ಹಿಟ್ಟು ದಪ್ಪವಾಯಿತು ಅಂತ ಬೈಯುವುದನ್ನು ಮಾತ್ರ ಬಿಟ್ಟಿಲ್ಲ.

ಇಷ್ಟು ಬಡಿದರೂ ಚೂರುಪಾರು ಕಿವಿಗೆ ಬೀಳುತ್ತದೆ. ಬಿದ್ದರೆ ಬಿದ್ದಿಲ್ಲವೆಂಬಂತೆ ಇರಬೇಕು. ನಿವೃತ್ತ ಮೇಷ್ಟ್ರು ಶೇಷಾಚಲಯ್ಯನವರು ಯಾವುದೋ ಹೂವಿನ ಹೆಸರಿಟ್ಟುಕೊಂಡು ಪ್ರೇಮಕವಿತೆ ಬರೆಯುತ್ತಾರೆ ಅಂತ ಬೀದಿಗೆಲ್ಲ ಗೊತ್ತು, ಯಾರಿಗೂ ಗೊತ್ತಿಲ್ಲ. ‘ಕೇಳಿಸ್ತು’ ಅನ್ನುವ ಮಾತನ್ನು ನಮ್ಮಲ್ಲಿ ಯಾರೂ ಯಾರಿಗೂ ಅನ್ನುವುದಿಲ್ಲ. ಒಮ್ಮೆ ಮಾತ್ರ ಅಂದದ್ದುಂಟು. ಟೈಲರ್ ಪದ್ಮನಾಭನಿಗೆ ಬದುಕಿನ ಮೇಲೆ ಬೇಸರವಾಗಿತ್ತು, ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಅಂಗಡಿಗೆ ಹೋಗಿ, ‘ಪದ್ಮಣ್ಣ, ನೀನು ಹೇಳಿದ್ದು ಕೇಳಿಸ್ತಪ್ಪ, ಧೈರ್ಯ ತಗೋ’ ಅಂದರು. ಅವನು ಅಳತೆಯ ಟೇಪನ್ನು ಕತ್ತಿನಿಂದ ತೆಗೆದಿಟ್ಟು, ಬಾಗಿಲೆಳೆದುಕೊಂಡು ಹೋದವನು ಇವತ್ತಿಗೂ ಬಂದಿಲ್ಲ. ನನ್ನದೇ ಎರಡು ರವಿಕೆ ಆ ಅಂಗಡಿಯೊಳಗಿವೆ.

ಈಗ ಲೋಲಾಕ್ಷಿಯ ವಿಷಯಕ್ಕೆ ಬರುತ್ತೇನೆ. ಅವಳು ಕಾಲೇಜಿನ ಪಿ.ಟಿ. ಮೇಡಂ, ಹುಡುಗಿಯರಿಗೆ ಖೋ-ಖೋ ಕಲಿಸುವವಳು. ನನ್ನ ಎದುರು ಮನೆ. ಬೆಳಿಗ್ಗೆ ಸೀಟಿ ಊದಿಕೊಂಡೇ ಮನೆಯಿಂದ ಹೊರಡುವ ಹೆಂಗಸು. ಕೆಲವು ವರ್ಷದ ಹಿಂದೆ, ಕಂಬದ ಹತ್ತಿರ ಹೇಗೆ ಹಾರಿ ಮುಟ್ಟಬೇಕು ಅಂತ ಹುಡುಗಿಯರಿಗೆ ತೋರಿಸಲು ಹೋಗಿ ಮಂಡಿ ಮುರಿದುಕೊಂಡಳು. ಆಪರೇಷನ್ ಆಯಿತು, ನೋವಿಗೆ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಗಿರಣಿಯ ಬೆಲ್ಟ್ ಹರಿದ ದಿನ.

ಆ ದಿನ ನಲ್ಲಿ ಬುಸ್ಸೆನ್ನುವುದಕ್ಕೂ ಬೆಲ್ಟ್ ಫಟ್ಟೆನ್ನುವುದಕ್ಕೂ ಸರಿಹೋಯಿತು. ನಾನು ಒಳಗೆ ಗಿರಣಿಯನ್ನು ಬೈಯುತ್ತಿದ್ದೆ. ಹೊರಗೆ ಜನ ಗಾಬರಿಯಿಂದ ಎರಡರಷ್ಟು ಬಡಿಯುತ್ತಿದ್ದರು. ಎಲ್ಲರಿಗಿಂತ ಜೋರು ಬಸ್ ಕಂಡಕ್ಟರ್ ಈರಣ್ಣ. ಕೆಲವು ತಿಂಗಳಿಂದ ಅವನಿಗೆ ಅದೇನು ಹುಮ್ಮಸ್ಸೋ, ಟಿಕೆಟ್ ಪಂಚಿನಿಂದ ಬಡಿದೂ ಬಡಿದೂ ತಾಮ್ರದ ಕೊಡವನ್ನು ಒಂದು ಕಡೆ ಪೂರ್ತಿ ನೆಗ್ಗಿಸಿದ್ದ. ‘ಏನೋ ಈರಣ್ಣ, ಕೊಡದ ಮೇಲೆ ಹಳೇ ಸೇಡಾ?’ ಅಂತ ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಲೋಲಾಕ್ಷಿಯದು ಮೊದಲನೇ ಪಾಳಿ. ಮಂಡಿ ಬಗ್ಗದ ಕಾರಣ ಸೊಂಟದಿಂದಲೇ ಬಗ್ಗಿ ನಲ್ಲಿಯ ಬಾಯಿಗೆ ಕೊಡ ಹಿಡಿದಿದ್ದಳು. ಅವಳ ಕಿವಿಗೂ ನಲ್ಲಿಗೂ ಗೇಣುದ್ದ ದೂರ.

ಮಧ್ಯಾಹ್ನ ನಾನು ಹೊಸ ಬೆಲ್ಟ್ ಎಳೆದು ಕೂರಿಸುತ್ತಿದ್ದಾಗ ಬಂದಳು. ಬಾಗಿಲು ಮುಂದೆ ಮಾಡಿ ಜೋಳದ ಮೂಟೆಯ ಮೇಲೆ ಕೂತಳು. ಮುಖ ಬಿಳಿಚಿಕೊಂಡಿತ್ತು.

‘ಮಾದೇವಕ್ಕ, ನಾನು ಮಾತ್ರೆ ತಿಂತಿದ್ದೆ.’

‘ಯಾವ ಮಾತ್ರೆ? ನಾನೂ ತಿಂತೀನಿ ಬಿಪಿಗೆ.’

‘ಅದಲ್ಲಕ್ಕ’ ಅಂತ ಎಲ್ಲವನ್ನೂ ಹೇಳಿದಳು. ನೋವಿನ ಮಾತ್ರೆ ಇಲ್ಲದೆ ಬೆಳಗಾಗದಂತಾದದ್ದು, ಬೇರೆ ಬೇರೆ ಊರಿನ ಅಂಗಡಿಗಳಿಗೆ ಬಸ್ಸಿನಲ್ಲಿ ಹೋಗಿ ತಂದದ್ದು, ಬಿಟ್ಟದ್ದು, ಮತ್ತೆ ಹಿಡಿದದ್ದು, ಕೊನೆಗೆ ಬಿಟ್ಟದ್ದು. ಫೋನಿನಲ್ಲಿ ಇಂಥವರದೇ ಒಂದು ಗುಂಪಿದೆಯಂತೆ. ಎಲ್ಲೆಲ್ಲಿಯವರೋ, ಯಾರಿಗೂ ಹೆಸರಿಲ್ಲ. ಇವಳು ಅಲ್ಲಿ ‘ಹಳೇಮಂಡಿ’. ಒಬ್ಬರನ್ನೊಬ್ಬರು ‘ಈವತ್ತು ಹೇಗೆ?’ ಅಂತ ಕೇಳಬೇಕು. ತಿನ್ನದೆ ಇದ್ದವರು ‘ಈವತ್ತು ಇಲ್ಲಿದೀನಿ’ ಅನ್ನಬೇಕು. ತಿಂದವರು ತಿಂದೆ ಅನ್ನಬೇಕು. ಅಷ್ಟೇ ಅಲ್ಲಿಯ ಕಟ್ಟಳೆ.

‘ಆ ಗುಂಪಲ್ಲಿ ಗಾಳಿಪಟ ಅಂತ ಒಬ್ಬಳಿದಾಳಕ್ಕ. ದಿನಾ ನಂಗೆ ಬರೀತಾಳೆ. ನಾನು ದಿನಾ ಉತ್ತರ ಕೊಡ್ತೀನಿ. ಯಾವುದೋ ದೂರದ ಊರಿನ ಹುಡುಗಿ ಅನ್ಕೊಂಡಿದ್ದೆ. ನಿನ್ನೆ ಬರೆದಿದ್ಲು, ಎರಡು ನುಂಗಿದ್ರೆ ಈಗ ಏನೂ ಆಗಲ್ಲ, ಜಾಸ್ತಿ ಬೇಕು, ಸೆಲೆಕ್ಷನ್ ಮುಗಿದ ಮೇಲೆ ಬಿಡ್ತೀನಿ ಅಂತ. ಇವತ್ತು ಬೆಳಿಗ್ಗೆ ಅದೇ ಮಾತು ನಲ್ಲಿಯಿಂದ ಬಂತು. ರಂಜಿತನ ದನೀಲಿ.’

ನಾನು ಸ್ಪ್ಯಾನರ್ ಕೆಳಗಿಟ್ಟೆ. ರಂಜಿತಾ ಅಂದರೆ ಈರಣ್ಣನ ಮಗಳು. ಲೋಲಾಕ್ಷಿಯ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುವ ಹುಡುಗಿ. ರಾಜ್ಯ ತಂಡದ ಆಯ್ಕೆಗೆ ಹೆಸರು ಹೋಗಿತ್ತು. ಅವಳಿಗೂ ಬೆನ್ನು ಉಳುಕಿತ್ತು, ಮಾತ್ರೆ ಕೊಟ್ಟಿದ್ದರು, ಅಲ್ಲಿಂದ ಹಿಡಿದದ್ದು.

‘ಹೋಗಿ ಕಪಾಳಕ್ಕೆ ಎರಡು ಬಿಟ್ಟು ಕೇಳು’ ಅಂದೆ.

‘ಏನಂತ ಕೇಳ್ಲಿ? ಕೇಳಿಸ್ತು ಅಂತಾನಾ? ಪದ್ಮನಾಭ ಏನ್ಮಾಡ್ದ ಮರೆತ್ಯಾ? ಅವನು ಗಂಡಸು, ಎಲ್ಲೋ ಹೋದ. ಇವಳು ಹೆದರಿಕೊಂಡ್ರೆ ಕೈಯಲ್ಲಿ ಮಾತ್ರೆ ಇದೆ ಅಕ್ಕ. ಅಷ್ಟೂ ನುಂಗಿದ್ರೆ?’

‘ಹಂಗಾದ್ರೆ ಆ ಹಳೇಮಂಡಿ ಹೆಸರಲ್ಲೇ ಬುದ್ಧಿ ಹೇಳು.’

ಲೋಲಾಕ್ಷಿಗೆ ಅಳು ಬಂತು. ಸೀಟಿ ಊದುವ ಆ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ಅದೇ ತಪ್ಪು ಆಗಿರೋದು. ಯಾರಿಗಾದ್ರೂ ಹೇಳ್ಲಾ ಅಂತ ಅವಳು ಕೇಳಿದ್ಲು. ಬೇಡ, ಬಚ್ಚಿಟ್ಕೋ, ನಾನೂ ಬಚ್ಚಿಟ್ಟೇ ಕೆಲಸ ಉಳಿಸ್ಕೊಂಡೆ ಅಂತ ನಾನೇ ಬರೆದೆ. ಈಗ ಏನು ಹೇಳಿದ್ರೂ ನೀವೂ ಹಂಗೇ ಮಾಡಿದ್ರಲ್ಲ, ನಿಮಗೇನಾಯ್ತು ಅಂತಾಳೆ. ಹೆಸರಿಲ್ಲದವಳ ಮಾತು ತಗೊಂಡು ಏನ್ಮಾಡ್ತಾಳೆ ಹೇಳು.’

ಬೆಲ್ಟ್ ಅರ್ಧಕ್ಕೆ ನಿಂತಿತ್ತು. ಆಮೇಲೆ ಅವಳೇ ನಿಧಾನವಾಗಿ ಒಂದು ದಾರಿ ಹೇಳಿದಳು. ರಂಜಿತಾ ಒಬ್ಬಳಿಗೆ ‘ನಾನೇ ಹಳೇಮಂಡಿ’ ಅಂದರೆ ‘ನೀನೇ ಗಾಳಿಪಟ’ ಅಂದಂತೆ. ಅವಳ ಗುಟ್ಟು ಬಯಲಾದಂತೆ. ಇಡೀ ಬೀದಿಗೆ ಹೇಳಿದರೆ? ಆಗ ಹುಡುಗಿ ಕೇಳುವವರ ಗುಂಪಿನಲ್ಲಿ ಒಬ್ಬಳು. ಅವಳ ಹೆಸರು ಅವಳ ಹತ್ತಿರವೇ ಇರುತ್ತದೆ, ಬಯಲಾಗುವುದು ಇವಳು ಮಾತ್ರ. ಇವಳು ಹಳೇಮಂಡಿ ಹೆಸರಲ್ಲಿ ಬರೆಯುವುದು, ಮುಂದಿನ ನೀರಿನ ದಿನ ಯಾರೂ ಬಡಿಯದೆ ಸುಮ್ಮನಿದ್ದರೆ ಸಾಕು.

‘ಬಾಯಲ್ಲೇ ಹೇಳು ಮಾರಾಯ್ತಿ, ನಲ್ಲಿ ಯಾಕೆ?’

‘ಬಾಯಲ್ಲಿ ಹೇಳೋಕೆ ಹೋದ್ರೆ ಚಂದ ಮಾಡಿ ಹೇಳ್ತೀನಿ ಅಕ್ಕ. ನನ್ನ ಬುದ್ಧಿ ನಂಗೊತ್ತು. ಅವಳಿಗೆ ಬರೆಯೋವಾಗ ಮಾತ್ರ ನಾನು ಚಂದ ಮಾಡಲ್ಲ. ನಲ್ಲಿ ಬರೆದಿದ್ದನ್ನೇ ಹೇಳುತ್ತೆ.’

ಕೆಲಸ ಹೋಗುತ್ತದೆ ಅಂದೆ. ಗೊತ್ತು ಅಂದಳು. ಮನೆಯವರು ಹುಡುಗಿಯರನ್ನು ಆಟಕ್ಕೆ ಕಳಿಸುವುದಿಲ್ಲ ಅಂದೆ. ಮೂಟೆಯ ಹೊಲಿಗೆಯ ದಾರವನ್ನು ಉಗುರಿನಿಂದ ಎಳೆಯುತ್ತಾ ಕೂತಳು. ಆ ಹುಡುಗಿಯರನ್ನು ಬಿಟ್ಟರೆ ಅವಳಿಗೆ ಮನೆಯಲ್ಲಿ ಯಾರೂ ಇಲ್ಲ.

ಬೀದಿಯವರನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ಸುಲಭವಾ? ‘ಮೇಡಂದು ಕೇಳಿಸ್ಬೇಕು ಅಂತ ನಮ್ದೂ ಕೇಳಿಸ್ಬೇಕಾ?’ ಅಂತ ಎಲ್ಲರೂ ಮೈಮೇಲೆ ಬಿದ್ದರು. ನ್ಯಾಯವೇ. ಕೊಡ ಸುಮ್ಮನಾದರೆ ನಲ್ಲಿ ಯಾರನ್ನೂ ಬಿಡುವುದಿಲ್ಲ. ಆದ್ದರಿಂದ ನೀರು ಬರುವ ತನಕ ಅವಳೊಬ್ಬಳನ್ನು ಬಿಟ್ಟು ಬೀದಿಯಲ್ಲಿ ಯಾರೂ ಸುಳ್ಳು ಹೆಸರಿನಲ್ಲಿ ಏನನ್ನೂ ಬರೆಯಕೂಡದು ಅಂತ ಆಯಿತು. ಲೋಲಾಕ್ಷಿ ಏನು ಹೇಳಲಿದ್ದಾಳೆ ಅಂತ ನಾನು ಬಾಯಿ ಬಿಡಲಿಲ್ಲ. ಅವಳು ಕೇಳಿಕೊಂಡಿದ್ದಾಳೆ ಅಷ್ಟೇ ಅಂದೆ. ಈ ಬೀದಿಯಲ್ಲಿ ಕೇಳಿಸಲಿ ಅಂತ ಕೇಳಿಕೊಂಡವರು ಹಿಂದೆ ಯಾರೂ ಇರಲಿಲ್ಲವಲ್ಲ, ಆ ಕುತೂಹಲಕ್ಕೇ ಅರ್ಧ ಜನ ಒಪ್ಪಿದರು.

ಅಬ್ಬಬ್ಬಾ, ಆ ಮೂರು ದಿನ! ಹೆಸರಿಲ್ಲದೆ ಬೈಯಲು ಆಗದೆ ಜನ ಮುಖಾಮುಖಿ ಜಗಳ ಆಡಿದರು. ಅತ್ತೆ ಸೊಸೆಯರು ನೇರವಾಗಿ ಮಾತಾಡಿಕೊಂಡು ಪಾತ್ರೆ ಎಸೆದರು. ಶೇಷಾಚಲಯ್ಯನವರು ಕೈ ಹಿಸುಕಿಕೊಳ್ಳುತ್ತಾ ನನ್ನ ಗಿರಣಿಯ ಮುಂದೆ ಶತಪಥ ಹಾಕಿದರು. ‘ಮಾದೇವಿ, ಒಂದೇ ಒಂದು ಸಾಲು ಕಣಮ್ಮ’ ಅಂದರು. ‘ಹೆಸರು ಹಾಕಿ ಬರೀರಿ ಮೇಷ್ಟ್ರೇ’ ಅಂದೆ. ‘ಛೇ ಛೇ’ ಅನ್ನುತ್ತಾ ಮನೆಗೆ ಹೋದರು. ಈರಣ್ಣನಿಗೆ ರಾತ್ರಿ ಪಾಳಿ ಇಲ್ಲದಿದ್ದರೂ ಕಣ್ಣು ಕೆಂಪಗಿತ್ತು.

ನೀರಿನ ದಿನ ನಾನು ಗಿರಣಿಯ ಮೇನ್ ಸ್ವಿಚ್ಚನ್ನೇ ಆರಿಸಿ ಹೊರಗೆ ನಿಂತೆ. ಇಡೀ ಬೀದಿ ಅಲ್ಲಿತ್ತು. ರಂಜಿತಾ ಕೂಡ ಕಾಲೇಜಿಗೆ ಹೋಗದೆ ಬಂದಿದ್ದಳು, ಮೇಡಂ ಏನೋ ಹೇಳುತ್ತಾರಂತೆ ಅಂತ. ಹುಡುಗಿ ಸೊರಗಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ನಲ್ಲಿ ಬುಸ್ಸೆಂದಿತು. ಯಾರ ಕೊಡವೂ ಸದ್ದು ಮಾಡಲಿಲ್ಲ. ಆಮೇಲೆ ಲೋಲಾಕ್ಷಿಯ ದನಿ ಬಂತು. ಲೋಲಾಕ್ಷಿ ಬಾಯಿ ಮುಚ್ಚಿಕೊಂಡು ನಲ್ಲಿಯ ಪಕ್ಕದಲ್ಲೇ ನಿಂತಿದ್ದಳು.

‘ಗಾಳಿಪಟ, ನಾನು ಹಳೇಮಂಡಿ. ಯಾರಿಗೂ ಹೇಳ್ಬೇಡ, ಬಚ್ಚಿಟ್ಕೋ ಅಂತ ನಿಂಗೆ ಬರೆದಿದ್ದೆ. ಅದು ಅರ್ಧ. ಇನ್ನರ್ಧ ಇದು. ಜಿಲ್ಲಾ ಫೈನಲ್ ದಿನ ನಾನು ಎಷ್ಟು ಮಾತ್ರೆ ನುಂಗಿದ್ದೆ ಅಂದ್ರೆ ನನ್ನ ಹುಡುಗೀರು ಗೆದ್ದಿದ್ದು ನಂಗೆ ನೆನಪಿಲ್ಲ. ಕಪ್ ಹಿಡ್ಕೊಂಡಿರೋ ಫೋಟೋ ನೋಡಿ ತಿಳ್ಕೊಂಡೆ. ಬ್ಯಾಗಲ್ಲಿರೋದು ಮೂಳೆ ಗಟ್ಟಿಯಾಗೋ ಮಾತ್ರೆ ಅಂತ ಆ ಮಕ್ಕಳಿಗೆ ಸುಳ್ಳು ಹೇಳ್ದೆ. ಒಬ್ಬಳೇ ಬಿಡೋಕೆ ಹೋದೆ, ಆಗ್ಲಿಲ್ಲ, ಸಾಯೋ ಹಂಗಾಯ್ತು. ದೊಡ್ಡಾಸ್ಪತ್ರೆ ಡಾಕ್ಟ್ರ ಮುಂದೆ ನನ್ನ ಹೆಸರು ಹೇಳಿ ಕೂತ ಮೇಲೆ, ಅವರು ಹೇಳ್ದಂಗೆ ಸ್ವಲ್ಪ ಸ್ವಲ್ಪ ಇಳಿಸ್ಕೊಂಡು ಬಂದ ಮೇಲೆ, ಬಿಡೋಕಾಯ್ತು. ಈಗಲೂ ಮಂಡಿ ನೋಯುತ್ತೆ. ಈಗಲೂ ಆಸೆ ಆಗುತ್ತೆ. ಊರಿಗೆಲ್ಲ ಹೇಳು ಅಂತ ನಾನು ನಿಂಗೆ ಹೇಳಲ್ಲ. ಒಬ್ಬರಿಗೆ ಹೇಳು. ಹೆಸರಿರೋ ಒಬ್ಬರಿಗೆ.’

ಆಮೇಲೆ ನೀರು ಬಂತು. ಕೊಡ ಇಡುವವರೇ ಇಲ್ಲ. ನೀರು ಚರಂಡಿಗೆ ಹರಿಯಿತು. ಮೊದಲು ಬಾಯಿ ಬಿಟ್ಟವನು ಈರಣ್ಣ. ‘ರಂಜೂ, ನಡಿ ಮನೆಗೆ. ನಾಳೆಯಿಂದ ನೀನು ಗ್ರೌಂಡಿಗೆ ಹೋಗ್ಬೇಡ’ ಅಂದವನೇ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಅವನ ಹಿಂದೆ ಉಳಿದ ಹುಡುಗಿಯರ ತಾಯಂದಿರು ಹೋದರು. ‘ಇಂಥೋಳ ಕೈಗೆ ಮಕ್ಕಳನ್ನ ಕೊಟ್ಟಿದ್ವಲ್ಲ’ ಅಂತ ಯಾರೋ ಅವಳಿಗೆ ಕೇಳಿಸುವಂತೆಯೇ ಅಂದರು. ಕೇಳಿಸಿತು ಅನ್ನದ ಬೀದಿ, ಕೇಳಿಸುವಂತೆ ಅನ್ನುವುದನ್ನು ಎಷ್ಟು ಬೇಗ ಕಲಿಯಿತು ನೋಡಿ. ನನಗೆ ಸಿಟ್ಟು ಬಂದು ಬಾಯಿಗೆ ಬಂದಂತೆ ಬೈದೆ. ಲೋಲಾಕ್ಷಿ ಅರ್ಧ ಕೊಡ ನೀರು ಹಿಡಿದುಕೊಂಡು ಒಳಗೆ ಹೋದಳು.

ಕಾಲೇಜಿನವರು ಸದ್ಯಕ್ಕೆ ಬರಬೇಡಿ ಅಂದರು. ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ ಅಂತ ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ರೊಟ್ಟಿ ತೆಗೆದುಕೊಂಡು ಹೋದರೆ ಜಗುಲಿಯ ಮೇಲೆ ಫೋನು ಹಿಡಿದು ಕೂತಿರುತ್ತಿದ್ದಳು. ‘ಗಾಳಿಪಟ ಏನೂ ಬರೆದಿಲ್ಲ ಅಕ್ಕ’ ಅನ್ನುತ್ತಿದ್ದಳು. ‘ಈವತ್ತು ಹೇಗೆ ಅಂತ ಕೇಳಿದೆ. ಅದಕ್ಕೂ ಉತ್ತರ ಇಲ್ಲ.’ ಅವಳ ಕೈ ಮಂಡಿಯನ್ನು ಉಜ್ಜುತ್ತಲೇ ಇತ್ತು. ನನಗೆ ಇವಳದೂ ಭಯ, ಆ ಹುಡುಗಿಯದೂ ಭಯ. ಈರಣ್ಣನ ಮನೆಯ ಬಾಗಿಲು ಹಾಕಿಯೇ ಇತ್ತು. ಇಷ್ಟಕ್ಕೆಲ್ಲ ಕಳೆದುಕೊಂಡವಳು ಬರೀ ಇವಳೇ ಆದಳಲ್ಲ ಅಂತ ನಾನು ಒಳಗೊಳಗೇ ಬೇಯುತ್ತಿದ್ದೆ.

ಮತ್ತೆ ನೀರಿನ ದಿನ ಬಂತು. ಹಳೆಯ ಪದ್ಧತಿಯೇ. ಜನ ಕೊಡ, ಸೌಟು ಹಿಡಿದು ಬಂದರು. ಶೇಷಾಚಲಯ್ಯನವರು ಹೊಸ ಹಿತ್ತಾಳೆ ಚಮಚ ತಂದಿದ್ದರು, ಬಹಳ ಬರೆದಿರಬೇಕು. ಲೋಲಾಕ್ಷಿ ಬಂದು ನಿಂತಾಗ ಅವಳ ಸುತ್ತ ಒಂದು ಮಾರು ಜಾಗ ಖಾಲಿ ಬಿಟ್ಟರು. ಈರಣ್ಣ ನೆಗ್ಗಿದ ಕೊಡ, ಟಿಕೆಟ್ ಪಂಚು ಹಿಡಿದು ಕೊನೆಯಲ್ಲಿದ್ದ. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು, ಸಿದ್ದಪ್ಪ ವಾಲ್ವ್ ತಿರುಗಿಸುವುದನ್ನು ಕಾಯುತ್ತಿದ್ದೆ. ನಲ್ಲಿ ಇನ್ನೂ ಒಣಗಿತ್ತು.

ರಂಜಿತಾ ಮನೆಯ ಬಾಗಿಲು ತೆಗೆದುಕೊಂಡು ಬೀದಿಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆ ಖಾಲಿ ಜಾಗದೊಳಗೆ ಹೋಗಿ, ಮೇಡಂ ಮುಂದೆ ನಿಂತು ಕೇಳಿದಳು. ‘ಹಳೇಮಂಡಿ, ಈವತ್ತು ಹೇಗೆ?’

ಲೋಲಾಕ್ಷಿ ಕೊಡ ಕೆಳಗಿಟ್ಟಳು. ‘ಈವತ್ತು ಇಲ್ಲಿದೀನಿ’ ಅಂದಳು. ‘ನೀನು?’

‘ನಾನು ಇಲ್ಲಿಲ್ಲ ಮೇಡಂ. ಬೆಳಿಗ್ಗೆ ತಗೊಂಡೆ. ನಿನ್ನೇನೂ ತಗೊಂಡೆ. ನಾನು ಬೆನ್ನು ಉಳುಕಿದಾಗಿನಿಂದ...’

ಅಷ್ಟರಲ್ಲಿ ಟಣ್ ಟಣ್ ಟಣ್ ಅಂತ ಸದ್ದೆದ್ದಿತು. ಈರಣ್ಣ ಬಡಿಯುತ್ತಿದ್ದ. ನಲ್ಲಿಯಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ, ಮಗಳು ಸ್ವಂತ ಬಾಯಿಯಿಂದ ಮಾತಾಡುತ್ತಿದ್ದಾಳೆ, ಇವನು ಕಣ್ಣು ಮುಚ್ಚಿಕೊಂಡು ಶಕ್ತಿಯೆಲ್ಲ ಹಾಕಿ ಕೊಡ ಬಡಿಯುತ್ತಿದ್ದಾನೆ. ಅಭ್ಯಾಸ ಅನ್ನುವುದು ನೋಡಿ, ಅವನನ್ನು ಕಂಡು ಉಳಿದವರೂ ಬಡಿಯಲು ಶುರು ಮಾಡಿದರು. ಮೇಷ್ಟ್ರ ಹಿತ್ತಾಳೆ ಚಮಚವೂ ಎದ್ದಿತು. ‘ಮಾದೇವಕ್ಕ, ಗಿರಣಿ ಹಾಕು!’ ಅಂತ ಈರಣ್ಣ ಕೂಗಿದ. ಅವನ ದನಿ ಒಡೆದಿತ್ತು. ‘ನಿನ್ನ ಕಾಲಿಗೆ ಬೀಳ್ತೀನಿ, ಗಿರಣಿ ಹಾಕು!’

ನಾನು ಹಾಕಲಿಲ್ಲ. ಬೆರಳು ಸ್ವಿಚ್ಚಿನ ಮೇಲೇ ಇತ್ತು, ಒತ್ತಲಿಲ್ಲ.

ರಂಜಿತಾ ನಡೆದುಹೋಗಿ ಅಪ್ಪನ ಕೊಡದ ಮೇಲೆ ಅಂಗೈ ಇಟ್ಟಳು. ಪಂಚಿನ ಒಂದು ಏಟು ಅವಳ ಬೆರಳಿಗೇ ಬಿತ್ತು. ಅವಳು ಕೈ ತೆಗೆಯಲಿಲ್ಲ. ಈರಣ್ಣ ಕಣ್ಣು ಬಿಟ್ಟ. ಉಳಿದ ಕೊಡಗಳು ಒಂದೊಂದಾಗಿ ನಿಂತವು.

‘ಅಪ್ಪಾ, ನಲ್ಲಿ ಅಲ್ಲಪ್ಪ, ನಾನು’ ಅಂದಳು. ‘ನಾನೇ ಹೇಳ್ತಿದೀನಿ.’

‘ಗೊತ್ತು ಕಣಮ್ಮ’ ಅಂದ ಈರಣ್ಣ. ‘ಯುಗಾದಿಯಿಂದ ಗೊತ್ತು.’

ಹುಡುಗಿ ಅಪ್ಪನ ಮುಖವನ್ನೂ ಆ ಕೊಡವನ್ನೂ ನೋಡಿದಳು. ಒಂದು ಪಕ್ಕ ಪೂರ್ತಿ ಒಳಗೆ ಹೋಗಿತ್ತು. ನಾವು ಎಷ್ಟು ಗೇಲಿ ಮಾಡಿದ್ದೆವು ಅದನ್ನು! ಪ್ರತಿ ಸಲ ಮಗಳ ದನಿ ಬರುವಾಗ ಬೇರೆ ಯಾರ ಕಿವಿಗೂ ಬೀಳದಿರಲಿ ಅಂತ ಬಡಿದ ಕೊಡ ಅದು. ಬೀದಿಗೆ ಕೇಳಿಸದಂತೆ ನೋಡಿಕೊಂಡ, ತನಗೆ ಕೇಳಿಸಿತು ಅಂತ ಅವಳಿಗೆ ಹೇಳಲಾರದೆ ಹೋದ.

ನಲ್ಲಿ ಬುಸ್ಸೆಂದಿತು. ಮೇಷ್ಟ್ರ ದನಿಯಲ್ಲಿ ಯಾರದೋ ಕಣ್ಣು, ಯಾರದೋ ಜಡೆಯ ವರ್ಣನೆ ಎರಡು ಸಾಲು ಬಂತು. ಮೇಷ್ಟ್ರು ತಲೆ ತಗ್ಗಿಸಿದರು, ಯಾರೂ ಬಡಿಯಲಿಲ್ಲ, ಯಾರೂ ನಗಲಿಲ್ಲ. ಆಮೇಲೆ ನೀರು ಬಂತು. ಈರಣ್ಣನ ಕೊಡ ಓರೆಯಾಗಿ ನಲ್ಲಿಯ ಕೆಳಗೆ ನಿಲ್ಲಲೇ ಇಲ್ಲ. ಲೋಲಾಕ್ಷಿ ಬಂದು, ಸೊಂಟದಿಂದ ಬಗ್ಗಿ, ಒಂದು ಕಡೆಯಿಂದ ಹಿಡಿದುಕೊಂಡಳು. ಇನ್ನೊಂದು ಕಡೆ ರಂಜಿತಾ ಹಿಡಿದಳು. ತುಂಬಿದ ಮೇಲೆ ಈರಣ್ಣ ಅದನ್ನು ಹೆಗಲಿಗೇರಿಸಿಕೊಂಡು, ‘ಮೇಡಂ, ಆ ದೊಡ್ಡಾಸ್ಪತ್ರೆಗೆ ಯಾವ ಬಸ್ಸು?’ ಅಂತ ಕೇಳಿದ. ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಟಿಕೆಟ್ ಹರಿದವನು. ಲೋಲಾಕ್ಷಿ ನಗದೆ, ಬಸ್ಸಿನ ನಂಬರು ಹೇಳಿ, ‘ನಾನೂ ಬರ್ತೀನಿ’ ಅಂದಳು.